ಇಳಿದ ತಾರಸಿಯವರದೇ ಹಕ್ಕಿ

ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಮೊಳೆಗೆ, ಒಂದು ಡಬ್ಬ ತೂಗುಬಿದ್ದಿದೆ. ಒಂದು ಕಾಲಕ್ಕೆ ಅದು ಎಳೆಮಕ್ಕಳ ಹಾಲಿನ ಪುಡಿಯ ಡಬ್ಬವಾಗಿತ್ತು. ಮೇಲೆ ಗುಂಡುಗುಂಡಾದ ಕೂಸಿನ ಚಿತ್ರವಿತ್ತು. ಬಿಸಿಲಿಗೆ ಕೂಸು ಮಾಸಿ ಈಗ ಅದರ ನಗು ಮಾತ್ರ ಉಳಿದಿದೆ. ಒಳಗೆ, ಪೀಣ್ಯದ ಯಾವುದೋ ಶೆಡ್ಡಿನಲ್ಲಿ ಅಳತೆಗೆ ಕೂರದೆ ತಿರಸ್ಕೃತವಾದ ಒಂದು ಹಿಡಿ ನಟ್ಟುಗಳಿವೆ. ನಮ್ಮ ಮನೆಯಲ್ಲಿ ಹಾಲಿನ ಪುಡಿ ಕುಡಿಯುವವರು ಯಾರೂ ಇಲ್ಲ. ನಟ್ಟು ಬಿಗಿಸುವ ವಯಸ್ಸನ್ನು ನಾನು ದಾಟಿದ್ದೇನೆ. ಆದರೂ ಸದರಿ ಡಬ್ಬವು ದೇವರ ಪಟಕ್ಕಿರುವಷ್ಟೇ ಗೌರವದಿಂದ ಅಲ್ಲಿ ವಿರಾಜಮಾನವಾಗಿದೆ.

ಮೊನ್ನೆ ಸೋಲಾರ್ ರಿಪೇರಿಗೆ ಬಂದವನು ತನ್ನ ಚೀಲ ತಗುಲಿಹಾಕಲು ಜಾಗ ಹುಡುಕುತ್ತ, ಈ ಗುಜರಿ ಬಿಸಾಕಲೇ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ, ಮೆಣಸಿನಕಾಯಿ ಒಣಹಾಕುತ್ತಿದ್ದ ನನ್ನಾಕೆ ಶಾರದೆ ತಿರುಗಿ ನೋಡದೆ ಹೇಳಿದಳು: "ಅದನ್ನ ಮುಟ್ಟೋದಾದ್ರೆ ನಿನ್ನ ಸೋಲಾರೇ ಬೇಡ ಕಣಪ್ಪ. ನಾವು ತಣ್ಣೀರಲ್ಲೇ ಸ್ನಾನ ಮಾಡ್ಕೋತೀವಿ." ಅವನು, ಮದುವೆಯಾದ ಗಂಡಸು ಇನ್ನೊಬ್ಬ ಮದುವೆಯಾದ ಗಂಡಸನ್ನು ನೋಡುವ ಬಗೆಯಲ್ಲಿ ನನ್ನನ್ನು ನೋಡಿದ. ಅದರಲ್ಲಿ ಏನಿದೆ ಸಾರ್ ಎಂದು ಮೆಲ್ಲಗೆ ಕೇಳಿದ. ಉತ್ತರ ಹೇಳಬೇಕಾದರೆ ಟೆಂಟ್ ಸಿನಿಮಾದಿಂದ ಶುರುಮಾಡಿ ವೈಟ್‌ಫೀಲ್ಡಿನ ಮಾಲಿನವರೆಗೆ ಬರಬೇಕಿತ್ತು. ಅವನಿಗೆ ಇನ್ನೆರಡು ಮನೆಯ ಕೆಲಸವಿತ್ತು. ನಿಮಗೆ ಅಂಥ ಅವಸರವಿಲ್ಲ ಎಂದು ಭಾವಿಸಿದ್ದೇನೆ. ಅವಸರದವರು ಈ ಜಾತಿಯ ಬರಹಕ್ಕೆ ಕೈಹಾಕುವುದೇ ಇಲ್ಲ.

ಟಿ. ದಾಸರಹಳ್ಳಿ ನಿಜಕ್ಕೂ ಹಳ್ಳಿಯಾಗಿದ್ದ ಕಾಲದಲ್ಲಿ ನಮ್ಮದು ರಾಗಿ ಬೆಳೆಯುವ ಮನೆ. ಇವತ್ತು ಮೆಟ್ರೋ ಕಂಬಗಳು ನಿಂತಿರುವ ಕಡೆಗೆ ಬೆರಳು ತೋರಿಸಿ ನಾನು ಬಾಡಿಗೆದಾರರಿಗೆ ಆಗಾಗ ಹೇಳುವುದುಂಟು, ಅಲ್ಲಿ ನಮ್ಮ ಹೊಲ ಇತ್ತು ಅಂತ. ಯಾವ ಕಂಬ ಅನ್ನುವುದು ನನ್ನ ಆ ದಿನದ ಉತ್ಸಾಹವನ್ನು ಅವಲಂಬಿಸಿರುತ್ತದೆ. ಹೊಲದಾಚೆ ಟೆಂಟ್ ಸಿನಿಮಾ. ನೆಲದ ಟಿಕೆಟ್ಟಿನವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವುದು ಪದ್ಧತಿ. ಮುಂದಿನವನ ಗುಡ್ಡೆ ಎತ್ತರವಾದರೆ ಅವನಿಗೆ ತಿಳಿಯದ ಹಾಗೆ ಬುಡದಿಂದ ಮರಳನ್ನು ನಮ್ಮ ಕಡೆ ಎಳೆದುಕೊಳ್ಳಬೇಕು. ಮಧ್ಯಂತರದ ಹೊತ್ತಿಗೆ ನಾವು ಮೇಲೆ, ಅವನು ಕೆಳಗೆ. ಮುಂದೆ ಕಾರ್ಖಾನೆಯಲ್ಲಿ ಬಡ್ತಿಯ ವಿಚಾರದಲ್ಲಿ ಇದೇ ತಂತ್ರವನ್ನು ಬಹಳ ಜನ ಬಳಸಿದ್ದನ್ನು ಕಂಡಿದ್ದೇನೆ.

ಆ ಟೆಂಟಿನಲ್ಲಿ ಒಮ್ಮೆ ಹಿಪ್ಪಿಗಳ ಸಿನಿಮಾ ಬಂತು. ಹೆಸರು ಮರೆತಿದ್ದೇನೆ, ಮರೆಯುವುದಕ್ಕೇ ತಯಾರಾದಂಥ ಚಿತ್ರ. ನಾಯಕನ ತಂಗಿ ದಾರಿತಪ್ಪಿ ಹಿಪ್ಪಿಗಳ ಗುಂಪು ಸೇರುತ್ತಾಳೆ. ಅವರೋ ದಿನವಿಡೀ ಹೊಗೆ ಬಿಡುತ್ತ, ಸುಳ್ಳುಗೂದಲು ಹಾರಿಸುತ್ತ, ತಂತಿಯೇ ಇಲ್ಲದ ಗಿಟಾರು ಬಾರಿಸುತ್ತ ಇರುತ್ತಾರೆ. ಕೊನೆಗೆ ನಾಯಕ ಎಲ್ಲರನ್ನೂ ಬಡಿದು, ತಂಗಿಗೆ ಸೀರೆ ಉಡಿಸಿ, ಮನೆಗೆ ಕರೆತರುತ್ತಾನೆ. ಹಿಪ್ಪಿ ಎಂಬ ಪ್ರಾಣಿಯ ಬಗ್ಗೆ ನಮ್ಮ ಊರಿನ ಸಮಸ್ತ ಜ್ಞಾನವೂ ಆ ಒಂದೇ ಮೂಲದಿಂದ ಬಂದದ್ದು. ಊರಲ್ಲಿ ಉದ್ದ ಕೂದಲಿದ್ದ ಗಂಡಸೆಂದರೆ ಮಾರಮ್ಮನ ಗುಡಿಯ ಪೂಜಾರಿ ಮುನಿಯಪ್ಪ ಒಬ್ಬರೇ. ಹರಕೆಯ ಜಡೆ. ಮಾರನೆಯ ದಿನದಿಂದ ಅವರು ಇಪ್ಪಿ ಮುನಿಯಪ್ಪ ಆದರು. ನಾಲ್ಕು ದಿನ ಸಹಿಸಿಕೊಂಡ ಪೂಜಾರರು ಐದನೆಯ ದಿನ ತಾವೇ ಟಿಕೆಟ್ ತೆಗೆದುಕೊಂಡು ಟೆಂಟಿಗೆ ಹೋಗಿ, ಇಡೀ ಚಿತ್ರವನ್ನು ಗಂಭೀರವಾಗಿ ನೋಡಿ ಬಂದು, ಅರಳಿಕಟ್ಟೆಯ ಮೇಲೆ ತೀರ್ಪು ಕೊಟ್ಟರು: "ಪಾಪದ ಐಕ್ಳು ಕಣ್ರಲಾ. ಯಾರಿಗೂ ಏನೂ ಮಾಡಾಕಿಲ್ಲ. ಆದ್ರೆ ತಲೆಗೆ ಎಣ್ಣೆ ಹಚ್ಚೋರಿಲ್ಲ."

ಹಿಪ್ಪಿಗಳ ಬಗ್ಗೆ ಆಮೇಲೆ ನಾನು ಓದಿದ ಯಾವ ಬರಹದಲ್ಲೂ ಇಷ್ಟು ಕರುಣೆಯಿರಲಿಲ್ಲ.

ಟೆಂಟಿನ ವಿಷಯ ಬಂತೆಂದರೆ ನನ್ನ ಸೋದರಮಾವ ಚನ್ನಪ್ಪನನ್ನು ಬಿಡುವ ಹಾಗಿಲ್ಲ. ಬೆಳಗ್ಗೆ ಹೊಲ, ಸಂಜೆ ಟೆಂಟು. ಚಿತ್ರ ಬದಲಾಗದಿದ್ದರೂ ಅವನು ಹೋಗುತ್ತಿದ್ದ. ಇವನು ಕೆಟ್ಟ, ಮನೆ ಮುಳುಗಿಸಿದ ಎಂದು ನಮ್ಮವ್ವ ಒಲೆಯ ಮುಂದೆ ಕೂತು ದಿನಾ ಭವಿಷ್ಯ ನುಡಿಯುತ್ತಿದ್ದಳು. ಅವನು ಕೆಡಲೂ ಇಲ್ಲ, ಮನೆ ಮುಳುಗಲೂ ಇಲ್ಲ. ನೋಡಿದ್ದನ್ನೇ ಯಾಕೆ ನೋಡ್ತೀಯ ಮಾವ ಎಂದು ನಾನೊಮ್ಮೆ ಕೇಳಿದೆ. ಅವನು ಬೀಡಿ ಕೆಳಗಿಟ್ಟು ಹೇಳಿದ: "ಅಲ್ಲಿ ಮೂರು ಗಂಟೆ ನಾನು ಇರಾಕಿಲ್ಲ ಕಣ್ಲಾ. ವಾಪಸ್ ಬಂದ್ಮೇಲೆ ಇರೋದು ಸಲೀಸಾಯ್ತದೆ."

ಇದಕ್ಕೆ ಪಲಾಯನವಾದ ಎಂಬ ಹೆಸರಿರುವುದು ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ, ನಾನು ಸರ್ಕಾರಿ ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ಸೇರಿ, ಅಲ್ಲಿನ ಒಂದು ಸಮಾರಂಭಕ್ಕೆ ಬಂದ ವಿದ್ವಾಂಸರ ಬಾಯಿಂದ. ಅವರು ಪಲಾಯನವಾದವನ್ನು ಬಹಳ ಹೊತ್ತು ಖಂಡಿಸಿದರು. ಮುಗಿಸುವಷ್ಟರಲ್ಲಿ ಹಿಂದಿನ ಸಾಲುಗಳು ಖಾಲಿಯಾಗಿದ್ದವು. ಮುಂದಿನ ಸಾಲಿನಲ್ಲಿ ಸಿಕ್ಕಿಬಿದ್ದ ನಾನು ಮಾತ್ರ ವಾಸ್ತವವಾದಿಯಾಗಿ ಉಳಿದೆ.

ಈಗ ಡಬ್ಬಕ್ಕೆ ಬರೋಣ.

ನಮ್ಮ ತಾರಸಿಯ ಮೇಲೊಂದು ಶೀಟಿನ ಮನೆಯಿದೆ. ಅದರಲ್ಲಿ ಸಿದ್ದರಾಜು ಅನ್ನುವವನು ಹೆಂಡತಿ ಜಯಮ್ಮನ ಜೊತೆ ಬಹಳ ವರ್ಷ ಬಾಡಿಗೆಗಿದ್ದ. ಪೀಣ್ಯದ ಶೆಡ್ಡೊಂದರಲ್ಲಿ ಲೇತ್ ನಡೆಸುವ ಟರ್ನರ್. ಕುಣಿಗಲ್ ಕಡೆಯವನು, ಮಾತು ಕಡಿಮೆ, ಮೀಸೆ ಜಾಸ್ತಿ. ಅವನು ಬಂದ ಎರಡನೆಯ ತಿಂಗಳಲ್ಲಿ ಒಂದು ಜೋಡಿ ಪಾರಿವಾಳ ಬಂತು. ಒಂದು ಜೋಡಿಯೆಂದು ನಾನು ಸುಮ್ಮನಿದ್ದೆ. ಪಾರಿವಾಳಗಳ ವಿಷಯದಲ್ಲಿ ಒಂದು ಜೋಡಿ ಎಂಬುದು ಬಹಳ ದಿನ ಉಳಿಯುವ ಸಂಖ್ಯೆಯಲ್ಲ. ನೋಡುನೋಡುತ್ತ ಮರದ ಗೂಡು ಎದ್ದಿತು, ಗೂಡಿನ ಮೇಲೆ ಗೂಡು ಎದ್ದಿತು, ಒಂದು ಡಜನ್ನಿನ ಆಚೀಚೆ ಹಕ್ಕಿಗಳಾದವು.

ಇವು ಗುಡಿಯ ಗೋಪುರದಲ್ಲಿ ಗುಟುರು ಹಾಕುವ ಸೋಮಾರಿ ಪಾರಿವಾಳಗಳಲ್ಲ. ಎತ್ತರ ಹಾರುವ ಜಾತಿ. ಬೆಳಗ್ಗೆ ಬಿಟ್ಟರೆ ಸುತ್ತುತ್ತ ಸುತ್ತುತ್ತ ಮೇಲೇರಿ, ಎಳ್ಳುಕಾಳಿನಷ್ಟಾಗಿ, ಆಮೇಲೆ ಏನೂ ಇಲ್ಲವಾಗಿ, ಗಂಟೆಗಟ್ಟಲೆ ಅಲ್ಲೇ ಇರುತ್ತವೆ. ಯಾರ ಹಕ್ಕಿ ಹೆಚ್ಚು ಹೊತ್ತು ಮೇಲಿರುತ್ತದೆ ಅನ್ನುವುದೇ ಪಂದ್ಯ. ಮಾಲೀಕನ ಪಾಲಿನ ಕೆಲಸವೆಂದರೆ ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಆಕಾಶ ನೋಡುವುದು. ಇಳಿಸಬೇಕಾದಾಗ ಆ ನಟ್ಟಿನ ಡಬ್ಬ ಅಲ್ಲಾಡಿಸುವುದು. ಆ ಸದ್ದಿಗೆ ಕಾಳಿನ ನೆನಪಾಗಿ ಅವು ಕೆಳಗೆ ಬರುತ್ತವೆ. ಭಾನುವಾರವಿಡೀ ಸಿದ್ದರಾಜು ಹೀಗೆ ಮೇಲೆ ನೋಡುತ್ತ ಕೂತಿರುವುದನ್ನು ಕಂಡು, ಕತ್ತು ನೋಯುವುದಿಲ್ಲವೇನಯ್ಯಾ ಎಂದು ಕೇಳಿದ್ದಕ್ಕೆ ಅವನೆಂದ: "ಆರು ದಿನ ಲೇತ್ ಮೇಲೆ ಬಗ್ಸಿರ್ತೀನಲ್ಲ ಸಾರ್. ಏಳ್ನೇ ದಿನ ಎತ್ತಿದ್ರೆ ಸಮಕ್ಕೆ ಬರ್ತದೆ."

ಪಾರಿವಾಳದವರ ಲೋಕಕ್ಕೆ ಅದರದೇ ಕಾನೂನುಗಳಿವೆ. ದಂಡಸಂಹಿತೆಯಲ್ಲಿ ಇಲ್ಲದಿದ್ದರೂ ಅದಕ್ಕಿಂತ ಹೆಚ್ಚು ಪಾಲನೆಯಾಗುತ್ತವೆ. ಮೊದಲನೆಯದು: ಹಕ್ಕಿ ಯಾರ ತಾರಸಿಗೆ ಇಳಿಯಿತೋ ಅವರದು. ಅದರ ಹಿಂದೆ ಹೋಗಿ ಕೊಡು ಅಂತ ಕೇಳಿದವನಿಗೆ ಮರ್ಯಾದೆಯಿಲ್ಲ. ಸಿಕ್ಕಿದ್ದನ್ನು ತಿರುಗಿ ಕೊಟ್ಟರೆ, ಹಕ್ಕಿ ಸಾಕಲು ಬಾರದವನೆಂದು ಹಂಗಿಸಿದ ಹಾಗೆ. ಇನ್ನೊಂದು: ಹೊಸ ಹಕ್ಕಿ ತಂದರೆ ಕೆಲವು ವಾರ ಅದರ ರೆಕ್ಕೆಗೆ ದಾರ ಕಟ್ಟಬೇಕು. ಹಳೆಯ ಮನೆ ಮರೆತು ಹೊಸ ಮನೆ ಗುರುತಾದ ಮೇಲೆ ಬಿಚ್ಚಬೇಕು. ನಮ್ಮ ಕಡೆ ಹೊಸ ಸೊಸೆಯನ್ನು ಆಷಾಢದವರೆಗೂ ತವರಿಗೆ ಕಳಿಸದಿರುವ ಮನೆಗಳು ಹಿಂದೆ ಇದ್ದವು. ಬಹುಶಃ ಅವರು ಪಾರಿವಾಳದವರಿಂದ ಕಲಿತಿರಬೇಕು.

ಬೀದಿಯವರಿಗೆ ಈ ಯಾವುದೂ ಬೇಕಿರಲಿಲ್ಲ. ಪಾರಿವಾಳದವರೆಂದರೆ ಜೂಜುಕೋರರು, ತಾರಸಿಯಿಂದ ತಾರಸಿಗೆ ಜಿಗಿಯುವವರು, ಹೆಂಗಸರು ಬಟ್ಟೆ ಒಣಹಾಕುವಾಗ ಇಣುಕುವವರು. ಯಾವುದೋ ಚಿತ್ರದಲ್ಲಿ ಖಳನ ಕೈಯಲ್ಲಿ ಪಾರಿವಾಳ ಕಂಡಿದ್ದರಂತೆ. ಬೀದಿಯಲ್ಲೊಂದು ಬೈಕು ಕಳುವಾದಾಗ ಪೊಲೀಸರು ಮೊದಲು ಹತ್ತಿದ್ದು ನಮ್ಮ ಮೆಟ್ಟಿಲನ್ನು. ನಮ್ಮ ಪೂಜಾರಪ್ಪನ ಜಡೆ ನೆನಪಾಯಿತು. ಆದರೆ ನಾನು ಅವರಷ್ಟು ಉದಾರಿಯಲ್ಲ. ಹಿಕ್ಕೆಯಿಂದ ಟ್ಯಾಂಕಿನ ಮುಚ್ಚಳ ಸುಣ್ಣ ಬಳಿದಂತಾಗಿತ್ತು, ಶಾರದೆಯ ಹಪ್ಪಳಗಳ ಮೇಲೆ ಅನಪೇಕ್ಷಿತ ಮುದ್ರೆಗಳು ಬೀಳುತ್ತಿದ್ದವು. ಅವಳ ಒತ್ತಾಯಕ್ಕೆ ನಾನು ವರ್ಷಕ್ಕೊಮ್ಮೆ ಮೇಲೆ ಹೋಗಿ, ಹಕ್ಕಿ ಖಾಲಿ ಮಾಡಯ್ಯಾ ಎಂದು ಗದರಿಸುವುದು, ಅವನು ಆಯ್ತು ಸಾರ್ ಅನ್ನುವುದು, ಇಬ್ಬರೂ ಸ್ವಲ್ಪ ಹೊತ್ತು ಮೇಲೆ ನೋಡುತ್ತ ನಿಲ್ಲುವುದು, ನಾನು ಇಳಿದು ಬರುವುದು. ಕೆಳಗೆ ಬಂದು, ಖಡಾಖಂಡಿತವಾಗಿ ಹೇಳಿದ್ದೇನೆ ಎಂದು ವರದಿ ಒಪ್ಪಿಸುತ್ತಿದ್ದೆ.

ನಾನು ಗದರಿಸಿ ಆಗದ ಕೆಲಸ ಮಾಕಳಿಯಿಂದ ಆಯಿತು. ಅಲ್ಲಿ ಕಟ್ಟಿದ ಬಡಾವಣೆಯೊಂದರಲ್ಲಿ, ಐದನೆಯ ಮಹಡಿಯಲ್ಲಿ, ಅವರಿಗೊಂದು ಪುಟ್ಟ ಮನೆ ಮಂಜೂರಾಯಿತು. ತಾರಸಿಗೆ ಬೀಗ, ಸಾಕುಪ್ರಾಣಿ ಕೂಡದು. ಜಯಮ್ಮ ಸಿಹಿ ಹಂಚಲು ಬಂದವಳು ನನ್ನೆದುರೇ ಗಂಡನಿಗೆ ಕೇಳಿಸುವಂತೆ ಹೇಳಿದಳು: "ಇಷ್ಟು ವರ್ಷ ನಾವೂ ಶೀಟ್ ಮನೆ, ಹಕ್ಕೀನೂ ಶೀಟ್ ಮನೆ. ಬೇಸಿಗೇಲಿ ಒಟ್ಟಿಗೆ ಬೆಂದಿದೀವಿ. ಈಗ ನನಗೆ ಮೋಲ್ಡ್ ಮನೆ ಬಂದೈತೆ ಸಾರ್. ನಾನು ಓಯ್ತೀನಿ. ಇವ್ರು ನನ್ನ ಜೊತೆ ಬತ್ತಾರೋ ಹಕ್ಕಿ ಜೊತೆ ಇರ್ತಾರೋ ಕೇಳಿ."

ನ್ಯಾಯವಾದ ಮಾತು. ಆ ಶೀಟಿನ ಕೆಳಗೆ ಏಪ್ರಿಲ್ ತಿಂಗಳನ್ನು ಕಳೆದವರು ಯಾರೂ ಅವಳ ವಿರುದ್ಧ ಒಂದಕ್ಷರ ಆಡಲಾರರು. ಸಿದ್ದರಾಜು ಒಪ್ಪಿದ. ಹೊಸ ಮನೆಗೆ ಹೋಗುವುದರೊಳಗೆ ಒಂದೂ ಹಕ್ಕಿ ಇರಕೂಡದೆಂದು ಜಯಮ್ಮ ದೇವರ ಮುಂದೆ ಆಣೆ ಮಾಡಿಸಿಕೊಂಡಳು. ಅಂದಿನಿಂದ ಅವನು ಕೆಲಸ ಮುಗಿಸಿ ಬಂದು ಚಾಪೆ ಹಾಸುವುದನ್ನು ಬಿಟ್ಟು, ನಿಂತೇ ಆಕಾಶ ನೋಡತೊಡಗಿದ. ಬಸ್ಸಿಗೆ ಕಾಯುವವನ ಹಾಗೆ. ಮಾರಿದರೆ ಯಾರು ಕೊಳ್ಳುತ್ತಾರೋ, ಕೊಂಡು ಹಾರಿಸುತ್ತಾರೋ ಸಾರು ಮಾಡುತ್ತಾರೋ ಎಂಬುದು ಅವನ ಚಿಂತೆ. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳಲು ಬಂದವರನ್ನೆಲ್ಲ ಏನೋ ನೆಪ ಹೇಳಿ ಮೆಟ್ಟಿಲಿಂದಲೇ ಕಳಿಸುತ್ತಿದ್ದ.

ಹೀಗಿರುವಾಗ ಸಿನಿಮಾದವರು ಬಂದರು.

ನಿರ್ದೇಶಕ ನಿಖಿಲ್ ವೈಟ್‌ಫೀಲ್ಡ್ ಕಡೆಯ ಹುಡುಗ, ಇದು ಅವನ ಮೊದಲ ಚಿತ್ರ. ನನ್ನನ್ನು ಅಂಕಲ್ ಅಂದ, ಸಿದ್ದರಾಜುವನ್ನು ಅಣ್ಣ ಅಂದ. ಒಳ್ಳೆಯ ಹುಡುಗ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಾರಿವಾಳದವರದು ಜನ ತಪ್ಪು ತಿಳಿದ ಒಂದು ಸಬ್‌ಕಲ್ಚರ್ ಅಂಕಲ್, ಅವರ ಮನಸ್ಸನ್ನು ತೋರಿಸಬೇಕು ಅಂತಿದೀನಿ ಎಂದು ವಿವರಿಸಿದ. ನನಗೆ ಪದ ಹೊಸದಾದರೂ ತೊಂದರೆಯಾಗಲಿಲ್ಲ. ಪೀಣ್ಯದಲ್ಲಿ ಎಲ್ಲವೂ ಸಬ್-ಕಾಂಟ್ರಾಕ್ಟು. ಸಂಸ್ಕೃತಿಯನ್ನೂ ಯಾರೋ ಹಾಗೇ ವಹಿಸಿಕೊಟ್ಟಿರಬೇಕು.

ಕಥೆ ಹೇಳಿದ. ನಾಯಕ ದುಃಖಿ; ಲೋಕವನ್ನು ಎದುರಿಸಲಾರದೆ ಹಕ್ಕಿಗಳ ಹಿಂದೆ ಅವಿತವನು. ಪಂದ್ಯ, ಹೊಡೆದಾಟ, ಒಂದು ಕೊಲೆ. ಕೊನೆಗೆ ಅವನಿಗೆ ಜ್ಞಾನೋದಯವಾಗಿ ಗೂಡಿನ ಬಾಗಿಲು ತೆರೆದು ಹಕ್ಕಿಗಳನ್ನು ಸೂರ್ಯಾಸ್ತದ ಕಡೆಗೆ ಬಿಟ್ಟುಬಿಡುತ್ತಾನೆ. ಅವೂ ಬಿಡುಗಡೆ, ಅವನೂ ಬಿಡುಗಡೆ. ಆ ಒಂದು ದೃಶ್ಯವನ್ನು ನಮ್ಮ ತಾರಸಿಯಲ್ಲಿ ತೆಗೆಯಬೇಕು.

ನನಗೆ ಹಿಪ್ಪಿಗಳ ಸಿನಿಮಾ ನೆನಪಾಯಿತು. ಇಷ್ಟು ವರ್ಷದಲ್ಲಿ ಸುಳ್ಳುಗೂದಲು ಹೋಗಿದೆ, ಕ್ಯಾಮೆರಾ ಬದಲಾಗಿದೆ, ಬೈಯುವ ಜಾಗದಲ್ಲಿ ಅನುಕಂಪ ಬಂದಿದೆ. ಆದರೆ ಕೊನೆಯ ರೀಲಿನಲ್ಲಿ ರೋಗಿ ಗುಣವಾಗಲೇಬೇಕು. ನನಗೊಂದು ವಿಷಯ ಅರ್ಥವಾಗುವುದಿಲ್ಲ. ಜನ ಊರಿನ ಗದ್ದಲ ಮರೆಯಲೆಂದು ದುಡ್ಡು ಕೊಟ್ಟು ಕತ್ತಲಲ್ಲಿ ಬಂದು ಕೂರುತ್ತಾರೆ. ಅದೇ ಸಿನಿಮಾದವರ ಹೊಟ್ಟೆಪಾಡು. ಅಂಥವರಿಗೇ, ಇನ್ನೊಬ್ಬ ತನ್ನ ತಾರಸಿಯಲ್ಲಿ ಪುಕ್ಕಟೆಯಾಗಿ ಅದೇ ಕೆಲಸ ಮಾಡಿಕೊಂಡರೆ ಅದು ಕಾಯಿಲೆಯಂತೆ ಏಕೆ ಕಾಣಬೇಕು? ಮಿಠಾಯಿ ಅಂಗಡಿಯವನು ಸಕ್ಕರೆಯ ವಿರುದ್ಧ ಭಾಷಣ ಮಾಡಿದ ಹಾಗೆ. ಇದನ್ನು ನಾನು ಹುಡುಗನಿಗೆ ಹೇಳಲಿಲ್ಲ. ಅವನು ಆಗಲೇ ಟ್ಯಾಂಕು ತೊಳೆಸಿಕೊಡುವುದಾಗಿ ಶಾರದೆಗೆ ಮಾತು ಕೊಟ್ಟಿದ್ದ.

ಆಶ್ಚರ್ಯವೆಂದರೆ ಸಿದ್ದರಾಜು ತಕ್ಷಣ ಒಪ್ಪಿದ. ಹೇಗೂ ಕಳಿಸಬೇಕು, ಸಂತೆಯಲ್ಲಿ ಕಾಲು ಕಟ್ಟಿ ಮಾರುವುದಕ್ಕಿಂತ ಹೀಗೆ ನಾಲ್ಕು ಜನರ ಮುಂದೆ, ದೀಪ ಹಾಕಿ, ಗೌರವದಿಂದ ಹೋಗಲಿ ಎಂದು ನನ್ನ ಹತ್ತಿರ ಹೇಳಿದ. ಬಿಟ್ಟರೆ ಹೋಗ್ತವೆ ಅಲ್ವಾ ಅಣ್ಣ ಎಂದು ನಿಖಿಲ್ ಕೇಳಿದ್ದ. ಹೋಗ್ತವೆ ಸಾರ್ ಎಂದು ಇವನು ಹೇಳಿದ್ದ. ಕೇಳಿದ್ದಕ್ಕೆ ಸರಿಯಾದ ಉತ್ತರ. ಬರ್ತವಾ ಎಂದು ಯಾರೂ ಕೇಳಲಿಲ್ಲ. ಸಿನಿಮಾದವರಿಗೆ ಏನಾದರೂ ಉಪಾಯ ಗೊತ್ತಿರಬಹುದೆಂದು ಅವನೂ ನಂಬಿದ್ದನೋ ಏನೋ.

ಶೂಟಿಂಗಿನ ದಿನ ಮಧ್ಯಾಹ್ನದಿಂದಲೇ ಅಭ್ಯಾಸ. ನಾಯಕನ ಪಾತ್ರಧಾರಿ ಗಡ್ಡ ಸವರಿಕೊಂಡು ಗೂಡಿನ ಬಾಗಿಲು ತೆರೆದ. ಹಕ್ಕಿಗಳು ಪಟಪಟನೆ ಎದ್ದು, ಒಂದು ಸುತ್ತು ಬಂದು, ಮೇಲೇರಿದವು. ಭವ್ಯವಾಗಿತ್ತು. ನಾಯಕನ ಕಣ್ಣಿಗೆ ಹನಿ ಹಾಕಿದರು; ಆ ಕಣ್ಣೀರು ಕೆನ್ನೆಗೆ ಇಳಿಯುವ ಮೊದಲೇ ಹಕ್ಕಿಗಳು ಇಳಿದು ಅವನ ಕಾಲ ಬಳಿ ಕಾಳು ಹುಡುಕುತ್ತಿದ್ದವು. ಎರಡನೆಯ ಸಲ ಗೂಡಿಗೆ ಹಸಿರು ಪರದೆ ಮುಚ್ಚಿದರು. ಪರದೆಯ ಮೇಲೆ ಕೂತವು. ಮೂರನೆಯ ಸಲ ಗೂಡನ್ನೇ ಸರಿಸಿದರು; ಗೂಡಿದ್ದ ಜಾಗದಲ್ಲಿ, ಖಾಲಿ ನೆಲದ ಮೇಲೆ, ಸಾಲಾಗಿ ಕೂತವು. ಸಿದ್ದರಾಜು ಒಬ್ಬೊಬ್ಬರ ಹತ್ತಿರವೂ ಹೋಗಿ, ತಪ್ಪು ತಿಳ್ಕಬೇಡಿ ಸಾರ್ ಎಂದು ಕ್ಷಮೆ ಕೇಳುತ್ತಿದ್ದ, ಪರೀಕ್ಷೆಯಲ್ಲಿ ನಪಾಸಾದ ಮಕ್ಕಳ ತಂದೆಯ ಹಾಗೆ. ನಿಖಿಲ್ ತಲೆ ಹಿಡಿದುಕೊಂಡು ನನ್ನ ಪಕ್ಕ ಕೂತ. ಇವಕ್ಕೆ ಫ್ರೀಡಂ ಬೇಡ್ವಾ ಅಂಕಲ್ ಅಂದ. ಕಾಫಿ ತಂದ ಶಾರದೆ ಉತ್ತರ ಕೊಟ್ಟಳು: "ಬೆಳಗ್ಗೆಯಿಂದ ಒಂದು ಕಾಳು ಹಾಕಿಲ್ಲ. ಹಸ್ಕೊಂಡು ಎಲ್ಲಿಗೆ ಹೋಗ್ತವಪ್ಪ?"

ನಮ್ಮಲ್ಲಿ ಮನೆಯಿಂದ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ. ಹೋಗಿ ಬರ್ತೀನಿ ಅನ್ನುತ್ತಾರೆ. ಬರೀ ಹೋಗ್ತೀನಿ ಅಂದರೆ ನಮ್ಮವ್ವ ಬಾಗಿಲಲ್ಲೇ ನಿಲ್ಲಿಸಿ ತಿದ್ದುತ್ತಿದ್ದಳು. ನನ್ನ ಮಾವ ಟೆಂಟಿಗೆ ಹೊರಟಾಗ ಹಾಗೆ ಹೇಳಿಯೇ ಹೊರಡುತ್ತಿದ್ದ, ಹಾಗೇ ಬರುತ್ತಿದ್ದ. ಆ ಹಕ್ಕಿಗಳೂ ಪ್ರತಿ ಸಲ ಅದನ್ನೇ ಮಾಡಿದವು. ಚಿತ್ರಕಥೆಯಲ್ಲಿ ಮಾತ್ರ ಎರಡನೆಯ ಪದ ಬಿಟ್ಟುಹೋಗಿತ್ತು.

ಬಿಸಿಲು ಇಳಿಯುತ್ತ ಬಂತು. ಕೊನೆಯ ಪ್ರಯತ್ನವೆಂದು ಡ್ರೋನ್ ಹಾರಿಸಿದರು, ಹಕ್ಕಿಗಳನ್ನು ಬೆನ್ನಟ್ಟಿ ಮೇಲಿನಿಂದ ತೆಗೆಯಲು. ಗೊರ್ರೆನ್ನುವ ಆ ಯಂತ್ರವನ್ನು ಹಕ್ಕಿಗಳು ಹದ್ದೆಂದು ತಿಳಿದವು. ಒಮ್ಮೆಲೇ ಚದುರಿ, ಮೇಲೇರಿ, ಇನ್ನೂ ಮೇಲೇರಿ, ಮಾಯವಾದವು. ದೃಶ್ಯ ಸಿಕ್ಕಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನೋಡಿದರೆ ಬೆಳಕು ಸಾಲದೆ ಚಿತ್ರ ಕಪ್ಪಾಗಿತ್ತು. ಹಕ್ಕಿಯನ್ನು ಕಂಪ್ಯೂಟರಿನಲ್ಲೇ ಮಾಡಿಕೊಳ್ಳುತ್ತೇವೆ ಎಂದು ಹೇಳಿ, ನಮಸ್ಕಾರ ಮಾಡಿ, ಸಾಮಾನು ಕಟ್ಟಿಕೊಂಡು ಹೊರಟರು.

ಹಕ್ಕಿಗಳು ಇಳಿಯಲಿಲ್ಲ. ಮುಸ್ಸಂಜೆಯಾಗುತ್ತಿತ್ತು. ಕತ್ತಲಾದರೆ ಇವಕ್ಕೆ ಮನೆ ಕಾಣುವುದಿಲ್ಲ; ಎಲ್ಲೆಲ್ಲೋ ಇಳಿಯುತ್ತವೆ, ಬೆಕ್ಕಿಗೋ ಗೂಬೆಗೋ ಸಿಗುತ್ತವೆ. ಸಿದ್ದರಾಜು ತಾರಸಿಯ ನಡುವೆ ನಿಂತು ಡಬ್ಬ ಅಲ್ಲಾಡಿಸುತ್ತಿದ್ದ. ನಿಲ್ಲಿಸದೆ. ಮಧ್ಯಾಹ್ನ, ನೀವೂ ನಾಯಕನ ಹಿಂದೆ ದುಃಖದಿಂದ ನಿಂತಿರಿ ಎಂದು ಅವನಿಗೆ ಹೇಳಿ ಹೇಳಿ ನಿಖಿಲ್ ಸೋತಿದ್ದ. ಇವನ ಮುಖದಲ್ಲಿ ಏನೂ ಬಂದಿರಲಿಲ್ಲ. ಈಗ ಬಂದಿತ್ತು. ಕ್ಯಾಮೆರಾ ಜಾಲಹಳ್ಳಿ ದಾಟಿ ಹೋಗಿತ್ತು.

ಸಮಾಧಾನ ಹೇಳೋಣವೆಂದು ನಾನು, ಹೇಗೂ ಇವತ್ತೇ ಬಿಟ್ಟುಕೊಡಬೇಕು ಅಂತಿದ್ದೆಯಲ್ಲಪ್ಪ, ಹೋದವು ಅಂದ್ಕೊ ಎಂದೆ. ಅವನು ಮೇಲೆ ನೋಡುತ್ತಲೇ ಹೇಳಿದ: "ಕೊಡೋದು ಬೇರೆ ಸಾರ್. ಕಳ್ಕಳೋದು ಬೇರೆ."

ಅವನ ಕೈ ಸೋತಾಗ ಡಬ್ಬವನ್ನು ತೆಗೆದುಕೊಂಡದ್ದು ನಾನಲ್ಲ, ಶಾರದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬಟ್ಟಿನ ಕಣಕ ನಾದುವಷ್ಟೇ ಗಂಭೀರವಾಗಿ ಅದನ್ನು ಅಲ್ಲಾಡಿಸಿದಳು. ಜಯಮ್ಮ ಒಳಗಿನಿಂದ ಲೈಟಿನ ವಯರು ಎಳೆದು ತಂದು ಗೂಡಿನ ಮೇಲೆ ಕಟ್ಟಿದಳು. ಒಂದು ಇಳಿಯಿತು. ಆಮೇಲೆ ಎರಡು. ಆಮೇಲೆ ಗುಂಪಾಗಿ ಉಳಿದವು. ಒಂದು ಚುಕ್ಕೆಯ ಹೆಣ್ಣು ಮಾತ್ರ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ.

ಮುಂದಿನ ವಾರ ಸಿದ್ದರಾಜು ಆಣೆಯಂತೆ ನಡೆದುಕೊಂಡ. ನೆಲಮಂಗಲದ ಕಡೆಯ ಒಬ್ಬ ಪಾರಿವಾಳದವನಿಗೆ ಎಲ್ಲವನ್ನೂ ಬುಟ್ಟಿಯಲ್ಲಿ ಹಾಕಿ ಕೊಟ್ಟು ಬಂದ, ದುಡ್ಡು ಮುಟ್ಟದೆ. ಒಂದೇ ಷರತ್ತು ಹಾಕಿದನಂತೆ: ರೆಕ್ಕೆಗೆ ದಾರ ಕಟ್ಟಕೂಡದು, ನನ್ನ ಗೂಡಲ್ಲೇ ಹುಟ್ಟಿದ ಈ ಹಕ್ಕಿಗಳಿಗೆ ಇದುವರೆಗೆ ನಾನು ದಾರ ಸೋಕಿಸಿಲ್ಲ. ತೆಗೆದುಕೊಂಡವನು ಮುಖ ನೋಡಿ ಒಪ್ಪಿದನಂತೆ. ಇವರು ಮಾಕಳಿಗೆ ಹೋದರು. ಗೂಡು ಹೊತ್ತೊಯ್ಯಲು ಜಾಗವಿಲ್ಲದೆ ನಮ್ಮ ತಾರಸಿಯಲ್ಲೇ ಬಿಟ್ಟರು. ಡಬ್ಬವೂ ಮೊಳೆಯಲ್ಲೇ ಉಳಿಯಿತು.

ಮೂರನೆಯ ದಿನ ಬೆಳಗ್ಗೆ ಶಾರದೆ ಮೇಲಿನಿಂದ ಕೂಗಿದಳು. ಹೋಗಿ ನೋಡಿದರೆ ಟ್ಯಾಂಕಿನ ಮುಚ್ಚಳದ ಮೇಲೆ ಅಷ್ಟೂ ಹಕ್ಕಿಗಳು ಸಭೆ ಸೇರಿದ್ದವು.

ಫೋನು ಮಾಡಿದೆ. ಸಿದ್ದರಾಜು ಸಂಜೆಯೇ ಬಂದ. ಜಯಮ್ಮನೂ ಬಂದಳು, ನ್ಯಾಯ ವಿಚಾರಣೆಗೆ. ನಿನ್ನ ಹಕ್ಕಿ ತೆಗೆದುಕೊಂಡು ಹೋಗಯ್ಯಾ ಎಂದು ನಾನು ಅಧಿಕಾರವಾಣಿಯಲ್ಲಿ ಹೇಳಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತು, ಬಹಳ ವಿನಯದಿಂದ ಕಾನೂನು ಹೇಳಿದ: "ನಮ್ದಲ್ಲ ಸಾರ್ ಈಗ. ನೆಲಮಂಗಲದವ್ರದೂ ಅಲ್ಲ. ಇಳಿದಿರೋದು ನಿಮ್ಮ ತಾರಸಿಗೆ. ನಾನು ಮುಟ್ಟಿದ್ರೆ ಕಳ್ತನ ಆಯ್ತದೆ."

ನಾನು ಜಯಮ್ಮನ ಕಡೆ ನೋಡಿದೆ. ಅವಳು ಗಂಡನನ್ನು ತುಂಬ ಹೊತ್ತು ನೋಡಿದಳು. ಆಮೇಲೆ, ಇವರ ಹತ್ತಿರ ಒಂದೂ ಹಕ್ಕಿ ಇರಕೂಡದು ಅಂತ ತಾನೇ ಆಣೆ, ಇಲ್ಲವಲ್ಲ ಸಾರ್ ಎಂದಳು. ಆ ಮಾತು ಹೇಳುವಾಗ ಅವಳ ತುಟಿಯ ಕೊನೆ ಅದುರಿದ್ದನ್ನು ನಾನು ಗಮನಿಸಿದೆ. ಶಾರದೆ ಆಗಲೇ ಕೆಳಗೆ ಹೋಗಿ ಜೋಳ ತಂದಿದ್ದಳು.

ಸಿದ್ದರಾಜು ಆ ದಾರದ ಷರತ್ತನ್ನು ಪ್ರೀತಿಯಿಂದ ಹಾಕಿದನೋ, ಲೆಕ್ಕ ಹಾಕಿ ಹಾಕಿದನೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿಲ್ಲ. ಈ ವಯಸ್ಸಿನಲ್ಲಿ ಕಾನೂನುಬದ್ಧವಾಗಿ ಪಾರಿವಾಳದವನಾದ ನಾನು ಬೀದಿಯವರ ಕಣ್ಣಿಗೆ ಜೂಜುಕೋರನಾಗಿದ್ದೇನೆ. ಎದುರುಮನೆಯವರು ಬಟ್ಟೆ ಒಣಹಾಕುವ ಜಾಗ ಬದಲಿಸಿದ್ದಾರೆ. ಸಿದ್ದರಾಜು ಪ್ರತಿ ಭಾನುವಾರ ಮೆಟ್ರೋ ಹಿಡಿದು ಬರುತ್ತಾನೆ, ನಮ್ಮ ಹಕ್ಕಿಗಳನ್ನು ಸುಮ್ಮನೆ ನೋಡಿಕೊಂಡು ಹೋಗಲು. ನಾವಿಬ್ಬರೂ ಚಾಪೆಯ ಮೇಲೆ ಕೂತು ಮೇಲೆ ನೋಡುತ್ತೇವೆ. ಅಷ್ಟು ಹೊತ್ತು ನನಗೆ ಮಂಡಿನೋವಿರುವುದಿಲ್ಲ, ಬಾಡಿಗೆದಾರರಿರುವುದಿಲ್ಲ, ನಾನೂ ಇರುವುದಿಲ್ಲ. ಚನ್ನಪ್ಪ ಮಾವ ಹೇಳಿದ್ದು ಸರಿ. ಕೆಳಗಿಳಿದ ಮೇಲೆ ಇರುವುದು ಸಲೀಸಾಗುತ್ತದೆ.

ಚಿತ್ರ ಸಿದ್ಧವಾಗಿ ನಿಖಿಲ್ ನಮ್ಮನ್ನು ಕರೆದ. ಕಾಡುಗೋಡಿಯವರೆಗೆ ಮೆಟ್ರೋ, ಅಲ್ಲಿಂದ ಆಟೋ, ಒಂದು ಮಾಲಿನ ತಣ್ಣನೆಯ ಕತ್ತಲು. ನಾನು, ಸಿದ್ದರಾಜು, ಜಯಮ್ಮ ಹೋದೆವು. ಶಾರದೆ ಬರಲಿಲ್ಲ, ನಾವು ಬರುವುದು ತಡವಾದರೆ ಹಕ್ಕಿ ಇಳಿಸುವವರು ಯಾರು ಎಂದಳು. ಮರಳಿಲ್ಲದ ಆ ಕುರ್ಚಿಯಲ್ಲಿ ಮುಂದಿನವನ ತಲೆ ಅಡ್ಡ ಬಂದರೂ ಏನೂ ಮಾಡುವ ಹಾಗಿರಲಿಲ್ಲ. ಚಿತ್ರ ಚೆನ್ನಾಗಿಯೇ ಇತ್ತು. ಪಾರಿವಾಳದವರ ಬಗ್ಗೆ ಅಷ್ಟು ಮರುಕ ಪಟ್ಟವರನ್ನು ನಾನು ಕಂಡಿಲ್ಲ. ಕೊನೆಯಲ್ಲಿ ನಮ್ಮ ತಾರಸಿ ಬಂತು, ನಮ್ಮ ಟ್ಯಾಂಕು ಬಂತು. ನಾಯಕ ಬಾಗಿಲು ತೆರೆದ. ಕಂಪ್ಯೂಟರಿನ ಹಕ್ಕಿಗಳು ಕೇಸರಿ ಸೂರ್ಯನೊಳಗೆ ಹಾರಿ ಹೋದವು, ಹೋದವು, ಹೋಗಿಯೇಬಿಟ್ಟವು. ಸುತ್ತ ಮೂಗೆಳೆಯುವ ಸದ್ದು. ಜಯಮ್ಮ ಕಣ್ಣೊರೆಸಿಕೊಳ್ಳುತ್ತ, ನಮ್ಮೋರಿಗಿಂತ ಈ ಹೀರೋನೇ ವಾಸಿ, ಒಂದೇ ಸಲಕ್ಕೆ ಬಿಟ್ಟ ಎಂದಳು.

ಸಿದ್ದರಾಜುವಿನ ಕಣ್ಣೂ ಒದ್ದೆಯಾಗಿತ್ತು. ಚೆನ್ನಾಗಿತ್ತೇನಯ್ಯಾ ಎಂದು ಕೇಳಿದೆ.

"ಚೆನ್ನಾಗಿತ್ತು ಸಾರ್," ಅಂದ. "ಆದ್ರೆ ಸಂಜೆ ಹೊತ್ತಲ್ಲಿ ಬಿಟ್ಬಿಟ್ಟವ್ನೆ. ಎಲ್ಲಿ ಇಳೀತವೋ."

ಮರುಕ್ಷಣವೇ ಎದ್ದ. ಪರದೆಯ ಮೇಲೆ ಹೆಸರುಗಳು ಏರತೊಡಗಿದ್ದವು. ನಿಮ್ಮ ಹೆಸರೂ ಇದೆ, ನಿಂತು ನೋಡಿ ಅಂಕಲ್ ಎಂದು ನಿಖಿಲ್ ಮೊದಲೇ ಹೇಳಿದ್ದ. ನಾವು ನೋಡಲಿಲ್ಲ. ಬೆಳಕಿರುವಾಗಲೇ ಮನೆ ಸೇರಬೇಕಿತ್ತು.

ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಾಯಿಸಿ, ಪೀಣ್ಯದ ಶೆಡ್ಡುಗಳ ಮೇಲೆ ಬರುವಾಗ ಆಕಾಶ ಇನ್ನೂ ಬೂದಿಬಣ್ಣದಲ್ಲಿತ್ತು. ಸಿದ್ದರಾಜು ಗಾಜಿಗೆ ಹಣೆ ಹಚ್ಚಿ ನಿಂತಿದ್ದ. ಜಾಲಹಳ್ಳಿ ದಾಟಿತು. ದಾಸರಹಳ್ಳಿ ಹತ್ತಿರವಾಗಿ ಗಾಡಿ ನಿಧಾನವಾದಾಗ, ಸಾಲು ತಾರಸಿಗಳ ನಡುವೆ ನಮ್ಮದು ಕಂಡಿತು. ಶಾರದೆ ಸೆರಗು ಸಿಕ್ಕಿಸಿ, ತಲೆಯೆತ್ತಿ, ಡಬ್ಬ ಅಲ್ಲಾಡಿಸುತ್ತಿದ್ದಳು. ಗಾಜಿನಾಚೆಯ ಸದ್ದು ನಮಗೆ ಕೇಳುವಂತಿರಲಿಲ್ಲ. ಅವಳ ಮೇಲೆ, ಬಹಳ ಮೇಲೆ, ಚುಕ್ಕಿಗಳು ಸುತ್ತುತ್ತ ಇಳಿಯುತ್ತಿದ್ದವು.

ಸಿದ್ದರಾಜುವಿನ ತುಟಿ ಎಣಿಕೆಯಲ್ಲಿ ಅಲ್ಲಾಡಿತು. ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದ. ಆಮೇಲೆ ನನ್ನ ತೋಳು ಹಿಡಿದುಕೊಂಡ.

"ಸಾರ್," ಅಂದ, "ಒಂದು ಜಾಸ್ತಿ ಐತೆ."